‘ವಶ’ದ ಸುದ್ದಿ ಬಂತು, ತೀರ್ಪಿನ ಸುದ್ದಿ ಎಲ್ಲಿ?

ಮಾನ್ಯ ಸಂಪಾದಕರೇ,

ತಮ್ಮ ಉತ್ತರ ಕನ್ನಡ ಪುಟಗಳನ್ನು ಒಂದು ತಿಂಗಳು ಎತ್ತಿಟ್ಟು ಒಟ್ಟಿಗೇ ಓದಿದರೆ ಒಂದು ಪದ ಮತ್ತೆ ಮತ್ತೆ ಎದುರಾಗುತ್ತದೆ: ‘ವಶ’. ಸಾಗವಾನಿ ತುಂಡು ವಶ, ಉಸುಕಿನ ಟಿಪ್ಪರ್ ವಶ, ಚಿಪ್ಪುಹಂದಿಯ ಚಿಪ್ಪು ವಶ, ತಿಮಿಂಗಿಲ ವಾಂತಿ ವಶ. ಮೇಜಿನ ಮೇಲೆ ಮಾಲು, ಹಿಂದೆ ಸಾಲಾಗಿ ನಿಂತ ಸಿಬ್ಬಂದಿ, ಮುಂದೆ ಮುಖಕ್ಕೆ ಟವೆಲ್ ಸುತ್ತಿಕೊಂಡ ಆರೋಪಿ. ಮರುದಿನದಿಂದ ಆ ಸುದ್ದಿಯ ಸುಳಿವಿಲ್ಲ. ಮಾಲು ಯಾವ ಡಿಪೋಕ್ಕೆ ಹೋಯಿತು, ಟಿಪ್ಪರ್ ಮಾಲೀಕನಿಗೆ ವಾಪಸಾಯಿತೇ, ಆರೋಪಿಗೆ ಶಿಕ್ಷೆಯಾಯಿತೇ ಎಂದು ತಿಳಿಯಲು ಓದುಗನಿಗೆ ದಾರಿಯೇ ಇಲ್ಲ.

ಇದು ವರದಿಗಾರರ ಸೋಮಾರಿತನ ಎಂದು ನಾವು ಹೇಳುವುದಿಲ್ಲ. ಕೆಲಸ ಹಂಚಿದ ರೀತಿಯಲ್ಲೇ ತಪ್ಪಿದೆ. ಠಾಣೆ, ಕೋರ್ಟು ಒಬ್ಬರಿಗೆ. ಕಾಡು, ನದಿ, ಕಡಲು ಇನ್ನೊಬ್ಬರಿಗೆ, ಅದೂ ಹೆಚ್ಚಾಗಿ ಭಾನುವಾರದ ಪುರವಣಿಗೆ ಚಿತ್ರಲೇಖನ ಬರೆಯುವವರಿಗೆ. ಬೇರೆ ಜಿಲ್ಲೆಗೆ ಈ ಹಂಚಿಕೆ ಹೊಂದಬಹುದು. ಕಾಡು, ಅಳಿವೆ, ಬಂದರುಗಳೇ ತುಂಬಿರುವ ಈ ಜಿಲ್ಲೆಯ ದೊಡ್ಡ ಅಪರಾಧಗಳು ನಡೆಯುವುದೇ ನೆಲ, ನೀರು, ಮರದ ಮೇಲೆ. ಇಲ್ಲಿ ಅಪರಾಧ ವರದಿ ಮತ್ತು ಪರಿಸರ ವರದಿ ಒಂದೇ ಕೆಲಸ. ಅದನ್ನು ಒಬ್ಬರೇ ಮಾಡಬೇಕು, ಹತ್ತು ಹದಿನೈದು ವರ್ಷ ಬಿಡದೆ ಮಾಡಬೇಕು.

ಬೇಲೆಕೇರಿಯನ್ನೇ ನೋಡಿ. ಬಳ್ಳಾರಿ ಕಡೆಯಿಂದ ಬಂದು ಬಂದರಿನಲ್ಲಿ ರಾಶಿ ಬಿದ್ದಿದ್ದ ಕಬ್ಬಿಣದ ಅದಿರನ್ನು ಅರಣ್ಯ ಇಲಾಖೆ ಜಪ್ತಿ ಮಾಡಿದ್ದು 2010ರಲ್ಲಿ. ಜಪ್ತಿಯಾದ ಅದಿರಿನಲ್ಲೇ ಲಕ್ಷಗಟ್ಟಲೆ ಟನ್ ಅದೇ ವರ್ಷ ಹಡಗೇರಿ ಹೋಯಿತು. ಲೋಕಾಯುಕ್ತ ವರದಿ 2011ರ ಜುಲೈಯಲ್ಲಿ ಬಂತು, ಆಮೇಲೆ ಸಿಬಿಐ ತನಿಖೆ. ಬೆಂಗಳೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಿದ್ದು 2024ರ ಅಕ್ಟೋಬರಿನಲ್ಲಿ. ಮುಂದಿನ ತಿಂಗಳೇ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಜಪ್ತಿಯಿಂದ ತೀರ್ಪಿಗೆ 14 ವರ್ಷ. ಎರಡು ವರ್ಷಕ್ಕೊಮ್ಮೆ ಬೀಟ್ (ವರದಿಗಾರರಿಗೆ ವಹಿಸಿದ ಕ್ಷೇತ್ರ) ಬದಲಿಸುವ ಪತ್ರಿಕೆಯಲ್ಲಿ ಈ ಪ್ರಕರಣ ಏಳು ಜನರ ಕೈ ದಾಟುತ್ತದೆ. ಏಳನೆಯವರಿಗೆ ಮೊದಲನೆಯವರ ಟಿಪ್ಪಣಿ ಪುಸ್ತಕ ಸಿಗುವುದಿಲ್ಲ. ಗಣಿಯ ಪರ್ಮಿಟ್, ಅರಣ್ಯದ ಸಾಗಣೆ ಪಾಸ್, ಬಂದರಿನ ತೂಕದ ಚೀಟಿ, ಕಸ್ಟಮ್ಸಿನ ರಫ್ತು ದಾಖಲೆ, ಈ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಅದಿರಿನ ಲೆಕ್ಕ ಕಾಣುತ್ತದೆ. ಮೊದಲನೆಯದು ಗಣಿ ಇಲಾಖೆಯ ಕಾಗದ, ಕೊನೆಯದು ಕಸ್ಟಮ್ಸಿನದ್ದು. ಪರಿಸರದವರು ಮೊದಲೆರಡನ್ನು, ಅಪರಾಧದವರು ಕೊನೆಯೆರಡನ್ನು ನೋಡಿದರೆ ಸುದ್ದಿ ನಡುವೆಯೇ ಸೋರಿಹೋಗುತ್ತದೆ.

ಇನ್ನು ದಿನನಿತ್ಯದ ಕೆಲಸ. ಅಪರಾಧ ವರದಿಗಾರರಿಗೆ ಪೊಲೀಸ್ ಪ್ರಕರಣದ ದಾರಿ ಬಾಯಿಪಾಠ: ಠಾಣೆಯ ಅಪರಾಧ ಸಂಖ್ಯೆ, ಎಫ್‌ಐಆರ್, ದೋಷಾರೋಪ ಪಟ್ಟಿ, ಕೋರ್ಟು ಕೊಡುವ ಸಿಸಿ ನಂಬರ್. 2016ರ ಸುಪ್ರೀಂ ಕೋರ್ಟ್ ಆದೇಶದಂತೆ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟರೆ, ಎಫ್‌ಐಆರ್ 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟ್‌ಗೆ ಏರಬೇಕು. ಸಂಪರ್ಕ ಕಷ್ಟದ ಜಾಗದಲ್ಲಿ ಗರಿಷ್ಠ 72 ಗಂಟೆ. ಆದರೆ ವನ್ಯಜೀವಿ ಪ್ರಕರಣದ ದಾರಿಯೇ ಬೇರೆ. ಅಲ್ಲಿ ನಂಬರು ಕೊಡುವುದು ವಲಯ ಅರಣ್ಯ ಕಚೇರಿ, ‘ಎಫ್‌ಒಸಿ’ (ಅರಣ್ಯ ಅಪರಾಧ ಪ್ರಕರಣ) ಎಂದು. 1972ರ ವನ್ಯಜೀವಿ ಕಾಯ್ದೆಯ 55ನೇ ಕಲಂ ಪ್ರಕಾರ ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳುವುದು ಅಧಿಕಾರ ಪಡೆದ ಅಧಿಕಾರಿ ಸಲ್ಲಿಸುವ ದೂರಿನ ಮೇಲೆ. ಪೊಲೀಸರು ಹಿಡಿದು ಅರಣ್ಯ ಇಲಾಖೆಗೆ ಒಪ್ಪಿಸಿದ ಪ್ರಕರಣಗಳು ಮುಗ್ಗರಿಸುವುದು ಇಲ್ಲೇ. ಠಾಣೆಯಲ್ಲಿ ಕೇಳಿದರೆ ‘ಫಾರೆಸ್ಟ್‌ನವರಿಗೆ ಕೊಟ್ಟಾಯ್ತು’, ಅಲ್ಲಿ ಕೇಳಿದರೆ ‘ಪೊಲೀಸ್ ಕಾಗದ ಇನ್ನೂ ಬಂದಿಲ್ಲ’. ಎರಡೂ ಕಚೇರಿಗೆ ಒಬ್ಬರೇ ವರದಿಗಾರರು ಹೋಗುತ್ತಿದ್ದರೆ ಈ ಆಟ ಒಂದು ವಾರಕ್ಕಿಂತ ಹೆಚ್ಚು ನಡೆಯದು.

ಬಂಧಿತ ಆರೋಪಿ ಇರುವ ಪ್ರಕರಣದಲ್ಲಿ ವರದಿಗಾರರ ಡೈರಿಯಲ್ಲಿ ಒಂದು ತಾರೀಕು ಇರಲೇಬೇಕು. ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿದ ದಿನದಿಂದ 60 ದಿನದೊಳಗೆ ತನಿಖೆಯ ಅಂತಿಮ ಕಾಗದ ನ್ಯಾಯಾಲಯಕ್ಕೆ ಸಲ್ಲದಿದ್ದರೆ (ಹತ್ತು ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಅಪರಾಧಕ್ಕೆ 90 ದಿನ) ಜಾಮೀನು ಆರೋಪಿಯ ಹಕ್ಕಾಗುತ್ತದೆ. ಮೊದಲು ಇದು ದಂಡ ಪ್ರಕ್ರಿಯಾ ಸಂಹಿತೆಯ 167ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ರಲ್ಲಿದೆ. 61ನೇ ದಿನ ಕೋರ್ಟಿನಲ್ಲಿ ವಿಚಾರಿಸಿದವರಿಗೆ ಸುದ್ದಿ ಸಿಗುತ್ತದೆ: ಜಾಮೀನು ಸಿಕ್ಕಿದ್ದು ಸಾಕ್ಷ್ಯ ಸಾಲದೆಯೋ, ಕಚೇರಿಯ ವಿಳಂಬದಿಂದಲೋ? ತಮ್ಮ ಪುಟದಲ್ಲಿ ಎರಡಕ್ಕೂ ಒಂದೇ ಸಾಲು: ‘ಆರೋಪಿಗಳಿಗೆ ಜಾಮೀನು’.

‘ತಪ್ಪೊಪ್ಪಿಕೊಂಡ ಆರೋಪಿ’ ಎಂಬ ತಲೆಬರಹದ ಬಗ್ಗೆಯೂ ಒಂದು ಮಾತು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಅದು 25ನೇ ಕಲಂ, ಹೊಸದರಲ್ಲಿ 23. ಅರಣ್ಯಾಧಿಕಾರಿಗಳ ವಿಷಯ ಬೇರೆ. ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಮತ್ತು ಮೇಲಿನ ದರ್ಜೆಯವರು ವನ್ಯಜೀವಿ ಕಾಯ್ದೆಯ 50(8)ರಡಿ, ಆರೋಪಿಯ ಎದುರಿನಲ್ಲೇ ದಾಖಲಿಸಿದ ಸಾಕ್ಷ್ಯ ವಿಚಾರಣೆಯಲ್ಲಿ ನಿಲ್ಲುತ್ತದೆ. ಆದ್ದರಿಂದ ಹೇಳಿಕೆಯನ್ನು ಯಾರು, ಯಾವ ದರ್ಜೆಯವರು, ಯಾರ ಎದುರು ಬರೆದುಕೊಂಡರು ಎಂದು ವರದಿಗಾರರು ಕೇಳಬೇಕು. ಉಪ ವಲಯ ಅರಣ್ಯಾಧಿಕಾರಿ ಬರೆದುಕೊಂಡದ್ದಾದರೆ ಅದಕ್ಕೆ ಆ ತೂಕ ಇಲ್ಲ.

ಈಗ ಬೆಲೆಯ ಹುಚ್ಚು. ‘ಕೋಟಿ ಮೌಲ್ಯದ ತಿಮಿಂಗಿಲ ವಾಂತಿ’ ಎಂದು ತಾವು ಬರೆಯುತ್ತೀರಿ. ಈ ‘ವಾಂತಿ’ (ಆಂಬರ್‌ಗ್ರಿಸ್) ಬರುವ ಎಣ್ಣೆತಿಮಿಂಗಿಲ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದರ ದೇಹದಿಂದ ಬಂದದ್ದನ್ನು ಮಾರುವುದಿರಲಿ, ಇಟ್ಟುಕೊಳ್ಳುವುದೂ ಅಪರಾಧ. ಮಾರುವಂತೆಯೇ ಇಲ್ಲದ ವಸ್ತುವಿಗೆ ಮಾರುಕಟ್ಟೆ ದರ ಎಲ್ಲಿಂದ ಬಂತು? ಆ ಅಂಕಿ ಬರುವುದು ಆರೋಪಿಯ ಬಾಯಿಂದ, ಇಲ್ಲವೇ ಮೊಬೈಲಿನಲ್ಲಿ ಹುಡುಕಿದ ವಿದೇಶಿ ದರದಿಂದ. ಅದನ್ನು ಅಚ್ಚು ಹಾಕಿದ ಮರುವಾರ ಮುರ್ಡೇಶ್ವರದಿಂದ ಮಾಜಾಳಿಯವರೆಗೆ ಬೆಳಿಗ್ಗೆ ದಡದಲ್ಲಿ ಮೇಣದ ಉಂಡೆ ಹುಡುಕುವವರು ಕಾಣುತ್ತಾರೆ. ಜಪ್ತಿಯಾದದ್ದು ಪ್ಯಾರಾಫಿನ್ ಮೇಣದಂಥ ಬೇರೇನೋ ಇರಬಹುದು. ಪ್ರಯೋಗಾಲಯದ ವರದಿ ಬರುವವರೆಗೆ ‘ತಿಮಿಂಗಿಲ ವಾಂತಿ ಎನ್ನಲಾದ ವಸ್ತು, ಇಷ್ಟು ಗ್ರಾಂ’ ಎಂದಷ್ಟೇ ಬರೆಯಬೇಕು. ವಾಂತಿ ಎಂಬ ಪದವೂ ಅನುಮಾನದ್ದೇ, ಅದು ರೂಪುಗೊಳ್ಳುವುದು ಕರುಳಿನಲ್ಲಿ. 2023ರ ಅಕ್ಟೋಬರಿನಲ್ಲಿ ರಾಜ್ಯದಾದ್ಯಂತ ಹುಲಿ ಉಗುರಿನ ಪದಕದ ಗದ್ದಲ ಎದ್ದಾಗಲೂ ಇದೇ ಆಯಿತು. ಅಸಲಿ ಉಗುರು ಟೊಳ್ಳು ಒರೆಯಂತೆ ಒಳಗಿನ ಎಲುಬನ್ನು ಹೊದ್ದಿರುತ್ತದೆ. ದನದ ಕೊಂಬು ಕೆತ್ತಿ ಮಾಡಿದ್ದು ಒಂದೇ ಗಟ್ಟಿ ತುಂಡು. ಫೋಟೊದಲ್ಲಿ ಇದು ಗೊತ್ತಾಗುವುದಿಲ್ಲ, ಡಿಎನ್‌ಎ ಪರೀಕ್ಷೆಗೆ ತಿಂಗಳುಗಳು ಬೇಕು. ಅಸಲಿ ಎಂದು ಸಾಬೀತಾದರೆ, ಹುಲಿ ಮೊದಲ ಅನುಸೂಚಿಯ ಪ್ರಾಣಿಯಾದ್ದರಿಂದ, ಅಪರಾಧಿಗೆ 3ರಿಂದ 7 ವರ್ಷ ಸೆರೆ, 25 ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ದಂಡ. ನಕಲಿ ಎಂದಾದರೆ ಇಡೀ ವನ್ಯಜೀವಿ ಪ್ರಕರಣವೇ ಬಿದ್ದುಹೋಗುತ್ತದೆ.

ನಾಟಾ (ಕಡಿದ ಮರದ ತುಂಡು) ಪ್ರಕರಣದಲ್ಲಿ ವರದಿಗಾರರೇ ಅಳೆಯಬಹುದು, ಟೈಲರ್ ಟೇಪು ಸಾಕು. ಇಲಾಖೆಯ ಹಳೆಯ ಸೂತ್ರ: ತುಂಡಿನ ನಡುವಿನ ಸುತ್ತಳತೆಯ ಕಾಲುಭಾಗವನ್ನು ವರ್ಗ ಮಾಡಿ ಉದ್ದದಿಂದ ಗುಣಿಸುವುದು. 1.2 ಮೀಟರ್ ಸುತ್ತಳತೆ, 3 ಮೀಟರ್ ಉದ್ದದ ತುಂಡಾದರೆ 0.3 × 0.3 × 3, ಅಂದರೆ 0.27 ಘನ ಮೀಟರ್. ನಿಜವಾದ ದುಂಡನೆಯ ಗಾತ್ರ ಇದಕ್ಕಿಂತ ಹೆಚ್ಚು, ಸುಮಾರು 0.34, ಸೂತ್ರವೇ ಐದನೇ ಒಂದು ಪಾಲಿಗಿಂತ ಹೆಚ್ಚನ್ನು ಬಿಡುತ್ತದೆ. ಹಾಗಾಗಿ ಎರಡು ಕಚೇರಿಯ ಅಂಕಿ ಹೊಂದದಿದ್ದರೆ ತಕ್ಷಣ ‘ಗೋಲ್ಮಾಲ್’ ಎಂದು ಬರೆಯಬೇಡಿ, ಯಾವ ಸೂತ್ರ ಎಂದು ಮೊದಲು ಕೇಳಿ. ಆಮೇಲೆ ಕಾಡಿಗೆ ಹೋಗಿ ಬುಡ ನೋಡಿ. ಬುಡದಲ್ಲೂ ತುಂಡಿನ ತುದಿಯಲ್ಲೂ ಇಲಾಖೆಯ ಸುತ್ತಿಗೆ ಗುರುತು ಇದೆಯೇ? ಬುಡದ ಅಡ್ಡಗಲಕ್ಕೂ ತುಂಡಿನ ಅಡ್ಡಗಲಕ್ಕೂ ತಾಳೆಯಾಗುತ್ತದೆಯೇ? ಮೂರು ಬುಡ ಇದ್ದು ಜಪ್ತಿಯಲ್ಲಿ ಎರಡೇ ಮರದ ತುಂಡು ಇದ್ದರೆ ಮೂರನೆಯ ಮರ ಎಲ್ಲಿ ಎನ್ನುವುದೇ ಸುದ್ದಿ. ಮಳೆಗಾಲದಲ್ಲಿ ಕೊಯ್ದ ಬುಡದ ಮೇಲೆ ಒಂದೆರಡು ವಾರದಲ್ಲೇ ಪಾಚಿ, ಅಣಬೆ ಹಿಡಿದು ಗುರುತು ಅಳಿಸುತ್ತದೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ‘ನಾಳೆ ಹೋದರಾಯಿತು’ ಎನ್ನುವಂತಿಲ್ಲ.

ಲಾರಿಯ ವಿಷಯ ಯಾರೂ ಕೇಳುವುದಿಲ್ಲ. ಕರ್ನಾಟಕ ಅರಣ್ಯ ಕಾಯ್ದೆ 1963ರ 71ಎ ಅಡಿ ವಾಹನದ ಮುಟ್ಟುಗೋಲು ಕ್ರಮ ಅಧಿಕೃತ ಅಧಿಕಾರಿಯ ಮುಂದೆ ಬೇರೆಯಾಗಿಯೇ ನಡೆಯುತ್ತದೆ, ಕ್ರಿಮಿನಲ್ ಪ್ರಕರಣಕ್ಕೆ ಕಾಯುವುದಿಲ್ಲ. ಆರೋಪಿ ಖುಲಾಸೆಯಾದರೂ ಲಾರಿ ಹೋಗಬಹುದು. ಆರೋಪಿ ಒಳಗಿದ್ದಾಗಲೇ ಲಾರಿ ಹೊರಗೆ ಓಡುತ್ತಿರಲೂಬಹುದು. ದಂಧೆಯವರಿಗೆ ಜೈಲಿಗಿಂತ ಲಾರಿಯ ಚಿಂತೆ ಹೆಚ್ಚು ಎಂದು ಘಟ್ಟದ ಯಾವ ಗಾರ್ಡನ್ನು ಕೇಳಿದರೂ ಹೇಳುತ್ತಾನೆ.

ಉಸುಕಿನಲ್ಲಿ ಲೆಕ್ಕ ತಪ್ಪುವುದು ಟನ್ ಮತ್ತು ಘನ ಮೀಟರಿನ ನಡುವೆ. ಒಣ ಉಸುಕು ಘನ ಮೀಟರಿಗೆ ಸುಮಾರು 1.6 ಟನ್, ಕಾಳಿ, ಶರಾವತಿಯಿಂದ ಆಗಷ್ಟೇ ತೆಗೆದ ಒದ್ದೆ ಉಸುಕು 1.9ರ ಹತ್ತಿರ. 4 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಟಿಪ್ಪರ್ ಡಬ್ಬಿಯಲ್ಲಿ 8 ಘನ ಮೀಟರ್, ಒದ್ದೆಯಾಗಿದ್ದರೆ 15 ಟನ್. ಪರ್ಮಿಟಿನಲ್ಲಿ 10 ಟನ್ ಎಂದಿದ್ದರೆ ಮಿಕ್ಕದ್ದು ಕಳವಿನ ಮಾಲು. ಗಣಿ ಕಾಯ್ದೆಯ ಅಪರಾಧಕ್ಕೆ ಅಧಿಕೃತ ಅಧಿಕಾರಿಯ ದೂರು ಬೇಕು. ಆದರೆ ಅದೇ ಕೃತ್ಯಕ್ಕೆ ಕಳವಿನ ಎಫ್‌ಐಆರ್ ಅನ್ನು ಪೊಲೀಸರೇ ಹಾಕಬಹುದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಉತ್ತರವನ್ನು ಹಾಗೆಯೇ ಬರೆದುಕೊಂಡು ಬರುವ ವರದಿಗಾರರಿಗೆ ಈ ಒಂದು ಸಾಲು ಗೊತ್ತಿದ್ದರೆ ಸಾಕು.

ಮೀನು ಸತ್ತು ತೇಲಿದ ಸುದ್ದಿ ಅತಿ ಹೆಚ್ಚು ಹಾಳಾಗುವ ಸುದ್ದಿ. ಅಘನಾಶಿನಿ ಅಳಿವೆಯಲ್ಲೋ ಗಜನಿಯಲ್ಲೋ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಬೆಳಿಗ್ಗೆ ಆರಕ್ಕೆ ಮೀನು ತೇಲುತ್ತದೆ. ವರದಿಗಾರರು ಹನ್ನೊಂದಕ್ಕೆ ತಲುಪುತ್ತಾರೆ, ಅಧಿಕಾರಿಗಳು ಮಧ್ಯಾಹ್ನ. ನೀರಿನಲ್ಲಿ ಕರಗಿದ ಆಮ್ಲಜನಕ ಅತಿ ಕಡಿಮೆ ಇರುವುದು ನಸುಕಿನಲ್ಲಿ. ಬಿಸಿಲೇರಿದಂತೆ ಪಾಚಿ ಮತ್ತೆ ಆಮ್ಲಜನಕ ತುಂಬುತ್ತದೆ. ಜತೆಗೆ ಉಬ್ಬರ ಬಂದಿದ್ದರೆ ಕಡಲ ನೀರು ಎಲ್ಲವನ್ನೂ ತೆಳುವಾಗಿಸಿರುತ್ತದೆ. ಮಧ್ಯಾಹ್ನದ ಮಾದರಿ ‘ನೀರು ಸರಿ ಇದೆ’ ಎನ್ನುತ್ತದೆ, ಸುಳ್ಳೂ ಅಲ್ಲ. ಹಾಗಾಗಿ ವರದಿಯಲ್ಲಿ ಮೀನು ಕಂಡ ಹೊತ್ತು, ಮಾದರಿ ತೆಗೆದ ಹೊತ್ತು, ಆಗ ಇಳಿತವೋ ಉಬ್ಬರವೋ, ಈ ಮೂರೂ ಇರಲೇಬೇಕು. ಮೀನಿಗೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ. ಸತ್ತ ಮೀನನ್ನೂ ನೋಡಿ: ಎಲ್ಲ ಜಾತಿಯವೂ ನಸುಕಿನಲ್ಲಿ ಒಟ್ಟಿಗೆ ಸತ್ತಿದ್ದರೆ ಮೊದಲ ಅನುಮಾನ ಆಮ್ಲಜನಕದ ಕೊರತೆ, ಒಂದೇ ಜಾತಿಯ ಸಣ್ಣ ಮೀನು ಮಾತ್ರ ದಡಕ್ಕೆ ಬಂದಿದ್ದರೆ ದೋಣಿಯವರು ಬಲೆಯಿಂದ ಚೆಲ್ಲಿದ್ದಿರಬಹುದು, ಗಾಳಿಚೀಲ ಒಡೆದಿದ್ದರೆ ಸಿಡಿಮದ್ದು. ಮೊದಲ ಮಳೆಗೆ ಸಿಹಿನೀರು ಒಮ್ಮೆಲೇ ನುಗ್ಗಿ ಉಪ್ಪಿನ ಅಂಶ ಬಿದ್ದುಹೋದರೂ ಮೀನು ಸಾಯುತ್ತದೆ. ವರದಿಗಾರರು ಬಾಟಲಿಯಲ್ಲಿ ತುಂಬಿ ತಂದ ನೀರು ಸುದ್ದಿಗೆ ಆದೀತು, ಕೋರ್ಟಿಗೆ ಆಗುವುದಿಲ್ಲ. ಜಲ ಕಾಯ್ದೆ 1974ರ 21ನೇ ಕಲಂ ಪ್ರಕಾರ ನೋಟಿಸ್ ಕೊಟ್ಟು, ಘಟಕದವರ ಎದುರೇ ತೆಗೆದು, ಎರಡು ಪಾಲು ಮಾಡಿ ಮೊಹರು ಹಾಕಿದ ಮಾದರಿಗೇ ಬೆಲೆ. ಆದ್ದರಿಂದ ‘ಮಾದರಿ ಸಂಗ್ರಹಿಸಲಾಗಿದೆ’ ಎಂದು ಮುಗಿಸದೆ, ಹೇಗೆ ಸಂಗ್ರಹಿಸಿದರು ಎಂದು ನಿಂತು ನೋಡಬೇಕು.

ಶಿರೂರಿನ ಮಾತು ಎತ್ತದೆ ಇರಲಾಗದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಗಂಗಾವಳಿಯಲ್ಲಿ ಮುಳುಗಿದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. 71 ದಿನ ಎಲ್ಲ ಕ್ಯಾಮೆರಾಗಳೂ ನದಿಯನ್ನೇ ನೋಡಿದವು. ಗುಡ್ಡವನ್ನು ಎಷ್ಟು ಕಡಿದಾಗಿ ಕಡಿಯಲಾಗಿತ್ತು, ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದರೇ, ನೀರು ಹರಿದುಹೋಗಲು ಚರಂಡಿ ಇತ್ತೇ ಎಂಬ ಪ್ರಶ್ನೆಗಳು ಪುಟದ ಮೂಲೆಗೆ ಸರಿದವು. ಮಳೆಯ ಅಂಕಿಯಲ್ಲೂ ಎಡವಟ್ಟು ಸುಲಭ: ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಬೆಳಿಗ್ಗೆ ಎಂಟೂವರೆಯ ಆಸುಪಾಸಿನ ಕುಸಿತಕ್ಕೆ ಯಾವ ದಿನದ ಮಳೆಯನ್ನು ಜೋಡಿಸಬೇಕು ಎಂದು ಯೋಚಿಸದಿದ್ದರೆ ಅಂಕಿ ಒಂದು ದಿನ ಆಚೀಚೆ ಆಗುತ್ತದೆ. 204.4 ಮಿಲಿಮೀಟರ್ ದಾಟಿದರೆ ಮಾತ್ರ ಇಲಾಖೆಯ ಭಾಷೆಯಲ್ಲಿ ಅದು ಅತ್ಯಂತ ಭಾರಿ ಮಳೆ. ನಮ್ಮಲ್ಲಂತೂ ನೂರು ದಾಟಿದರೇ ‘ಮೇಘಸ್ಫೋಟ’.

ಇನ್ನೊಂದು, ತುಸು ನಗು ಬರಿಸುವ ಸಂಗತಿ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಯೋಜನೆಯ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲೇ ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು, ಒಂದು ಸ್ಥಳೀಯ ಭಾಷೆಯಲ್ಲಿ. ಅಂದರೆ ತಮ್ಮಂಥ ಪತ್ರಿಕೆಗಳ ಜಾಹೀರಾತು ಪುಟದಲ್ಲೇ. ಜಾಹೀರಾತು ವಿಭಾಗ ಹಣ ಎಣಿಸಿಕೊಳ್ಳುತ್ತದೆ, ವರದಿಗಾರರಿಗೆ ಸಭೆಯ ದಿನ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಗೊತ್ತಾಗುತ್ತದೆ. ಕರಡು ವರದಿಯ ಪ್ರತಿ ಜಿಲ್ಲಾಧಿಕಾರಿ ಕಚೇರಿಯಲ್ಲೂ ಜಿಲ್ಲಾ ಪಂಚಾಯಿತಿಯಲ್ಲೂ ಆ 30 ದಿನವೂ ಓದಲು ಇರುತ್ತದೆ, ಸಾರಾಂಶ ಕನ್ನಡದಲ್ಲೇ ಇರುತ್ತದೆ. ಓದಿದವರ ಪ್ರಶ್ನೆ ಸಭೆಯ ನಡಾವಳಿಯಲ್ಲಿ ದಾಖಲಾಗುತ್ತದೆ. ಘೋಷಣೆ ಕೂಗಿದ್ದು ‘ಗದ್ದಲ’ ಎಂದಷ್ಟೇ.

ನಿಖರತೆಗೆ ಇನ್ನೊಂದು ಕಾರಣವಿದೆ. ಹಸಿರು ನ್ಯಾಯಮಂಡಳಿ ಪತ್ರಿಕಾ ವರದಿಯ ಮೇಲೂ ಸ್ವಯಂಪ್ರೇರಿತವಾಗಿ ಪ್ರಕರಣ ಎತ್ತಿಕೊಳ್ಳಬಹುದೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಒಪ್ಪಿದೆ. ‘ಕುಮಟಾ ಬಳಿ ಕಾಂಡ್ಲಾ (ಮ್ಯಾಂಗ್ರೋವ್) ನಾಶ’ ಎಂಬ ಸಾಲಿನಿಂದ ಯಾವ ಮಂಡಳಿಗೂ ಉಪಯೋಗವಿಲ್ಲ. ಗ್ರಾಮ, ಸರ್ವೆ ನಂಬರ್, ಪಹಣಿಯ ಒಂಬತ್ತನೇ ಕಲಮಿನಲ್ಲಿ ಯಾರ ಹೆಸರು, ಎಷ್ಟು ಗುಂಟೆ, ಇಷ್ಟಿದ್ದರೆ ಅದೇ ವರದಿ ಕಡತವಾಗುತ್ತದೆ. ಶಿರಸಿ, ಸಿದ್ದಾಪುರ ಕಡೆಯ ಜಮೀನಾದರೆ ಅದು ಮೀಸಲು ಅರಣ್ಯವೋ, ಅಡಿಕೆ ತೋಟದವರು ಸೊಪ್ಪು ತರುವ ಹಕ್ಕಿರುವ ಸೊಪ್ಪಿನ ಬೆಟ್ಟವೋ ಎಂದು ನೋಡದೆ ‘ಅತಿಕ್ರಮಣದಾರ’ ಎಂದು ಹೆಸರಿಟ್ಟು ಬರೆದರೆ ಮಾನಹಾನಿ ನೋಟಿಸ್ ಬರುವುದು ಪತ್ರಿಕೆಗೇ.

ಬರೆಯಬಾರದ್ದೂ ಇದೆ. ಲೈಂಗಿಕ ಅಪರಾಧದ ಸಂತ್ರಸ್ತರ, ಮಕ್ಕಳ ಗುರುತು ಎಂದ ಕೂಡಲೇ ಎಲ್ಲರಿಗೂ ಹೆಸರೊಂದೇ ನೆನಪಾಗುತ್ತದೆ. ಆದರೆ ಹತ್ತು ಮನೆಯ ಮಜರೆಯಲ್ಲಿ ಊರಿನ ಹೆಸರು, ತಂದೆಯ ಉದ್ಯೋಗ ಬರೆದರೆ ಹೆಸರು ಬರೆದಂತೆಯೇ. ಕಾಡಿನ ಸುದ್ದಿಗೂ ಇದೇ ಎಚ್ಚರ ಬೇಕು: ಮಂಗಟ್ಟೆಯ ಗೂಡಿನ ಮರ, ಕಡಲಾಮೆ ಮೊಟ್ಟೆ ಇಟ್ಟ ಜಾಗ ಗುರುತಾಗುವ ಫೋಟೊ ಬೇಡ. ಮೊಬೈಲ್ ಫೋಟೊವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ತೆಗೆದ ಜಾಗದ ಅಕ್ಷಾಂಶ ರೇಖಾಂಶವೂ ಜತೆಗೇ ಹೋಗುತ್ತದೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಮುಚ್ಚಿಡಬೇಕು. ಸಾಕ್ಷ್ಯಕ್ಕೆಂದು ತೆಗೆದ ಚಿತ್ರದಲ್ಲಿ ಮಾತ್ರ ತೆರೆದಿಡಬೇಕು, ಮೂಲ ಕಡತವನ್ನು ಮುಟ್ಟದೆ ಮೆಮೊರಿ ಕಾರ್ಡಿನಲ್ಲೇ ಇಟ್ಟುಕೊಳ್ಳಬೇಕು.

ಇಷ್ಟೆಲ್ಲ ಕಲಿತ ವರದಿಗಾರರು ಈಗ ಈ ಜಿಲ್ಲೆಯಲ್ಲಿ ಏನು ಮಾಡುತ್ತಾರೆ? ತಾಲೂಕು ಮಟ್ಟದಲ್ಲಿ ಅನೇಕರು ಅರೆಕಾಲಿಕರು, ವಿಶೇಷ ಸಂಚಿಕೆಗೆ ಜಾಹೀರಾತನ್ನೂ ತರಬೇಕು. ಉಸುಕಿನ ಗುತ್ತಿಗೆದಾರರ ದೀಪಾವಳಿ ಶುಭಾಶಯ ತಂದವರು ಜನವರಿಯಲ್ಲಿ ಅವರದೇ ಟಿಪ್ಪರ್ ಎಣಿಸಬೇಕೆಂದರೆ ಹೇಗೆ? ಈ ಬೀಟಿನವರನ್ನು ಜಾಹೀರಾತಿನಿಂದ ಪೂರ್ತಿ ಬಿಡಿ. ತಿಂಗಳಿಗೆ ನಾಲ್ಕು ದಿನ ಕೋರ್ಟಿಗೆ, ನಾಲ್ಕು ದಿನ ಕಾಡು ಮತ್ತು ಬಂದರಿನ ಧಕ್ಕೆಗೆ ಎಂದು ಬರೆದು ಕೊಡಿ, ಕಾರವಾರದಿಂದ ಜೋಯಿಡಾಕ್ಕೆ ಹೋಗಿಬರುವ ಪೆಟ್ರೋಲು ಕೊಡಿ. ಮಾಹಿತಿ ಹಕ್ಕಿನ ಅರ್ಜಿಗೆ ಬೇಕಾಗುವುದು 10 ರೂಪಾಯಿಯ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದ ಮೀರಬಾರದು. ಐದು ವಿಷಯ ಒಂದೇ ಅರ್ಜಿಯಲ್ಲಿ ತುರುಕಿ 30 ದಿನ ಕಾದು ತಿರಸ್ಕಾರದ ಕಾಗದ ಪಡೆಯುವುದು ಇಲ್ಲಿ ಬಹಳ ಮಾಮೂಲು.

ಕೊನೆಯದಾಗಿ ಒಂದು ರಿಜಿಸ್ಟರ್. ಬ್ಯೂರೋದಲ್ಲೇ ಇರಲಿ, ವರದಿಗಾರರ ಮನೆಯಲ್ಲಲ್ಲ. ಪ್ರತಿ ‘ವಶ’ದ ಸುದ್ದಿಗೆ ಒಂದು ಸಾಲು: ಪ್ರಕಟವಾದ ತಾರೀಕು, ಅಪರಾಧ ಸಂಖ್ಯೆ ಅಥವಾ ಎಫ್‌ಒಸಿ, ಮಾಲು ಮತ್ತು ಅಳತೆ, ವಾಹನದ ನಂಬರ್, 61ನೇ ದಿನ ಯಾವುದು, ಕೋರ್ಟಿಗೆ ಹೋದ ಮೇಲೆ ಇ-ಕೋರ್ಟ್ಸ್‌ನ 16 ಅಕ್ಷರಾಂಕಿಗಳ ಸಿಎನ್‌ಆರ್ ನಂಬರ್. ಆ ನಂಬರ್ ಒಮ್ಮೆ ಸಿಕ್ಕರೆ ಮುಂದಿನ ಎಲ್ಲ ದಿನಾಂಕವೂ ಮೊಬೈಲಿನಲ್ಲೇ ಕಾಣುತ್ತದೆ. ಅದರ ಮೇಲೆ ತಿಂಗಳಿಗೊಮ್ಮೆ ಅರ್ಧ ಕಾಲಂ ಜಾಗ ಕೊಡಿ: ಈ ತಿಂಗಳು ಯಾವ ಪ್ರಕರಣ ಎಲ್ಲಿಗೆ ಬಂತು, ಎಷ್ಟು ಖುಲಾಸೆ, ಎಷ್ಟು ಶಿಕ್ಷೆ, ಯಾವ ಲಾರಿ ವಾಪಸ್. ಮೊದಲ ಕಂತಿಗೆ ತಮ್ಮದೇ ಪುಟದಲ್ಲಿ ಮೂರು ವರ್ಷದ ಹಿಂದೆ ಬಂದ ‘ವಶ’ಗಳನ್ನು ತೆಗೆದುಕೊಂಡರೆ ಸಾಕು.

ಇತಿ,
ಕರಾವಳಿ ಮತ್ತು ಘಟ್ಟದ ಕೆಲವು ಹಳೆಯ ವರದಿಗಾರರು
ಕಾರವಾರ, ಶಿರಸಿ